ಕೋಲಾರ ಸೀಮೆಯಲ್ಲಿ ನಾಯಿಯ ಆಹಾರ ಮತ್ತು ಆರೈಕೆ

ಕರ್ನಾಟಕದ ಪೂರ್ವದಂಚಿನ ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ನಾಯಿ ಮನೆ, ಕೊಟ್ಟಿಗೆ, ತೋಟ ಮೂರನ್ನೂ ಕಾಯುವ ಪ್ರಾಣಿ. ಈ ಸೀಮೆಯ ಬಹುಪಾಲು ನಾಯಿಗಳು ನಾಟಿ ನಾಯಿಗಳು. ಅವುಗಳ ಊಟ ಮನೆಯವರ ಊಟದ ಉಳಿಕೆ. ನಾಯಿಯ ಆರೋಗ್ಯದ ಮಾತು ಬಂದಾಗ ಎರಡು ಅಭಿಪ್ರಾಯಗಳು ಕೇಳಿಬರುತ್ತವೆ. ಅಂಗಡಿಯ ಪೊಟ್ಟಣದ ಆಹಾರವಿಲ್ಲದೆ ನಾಯಿಯನ್ನು ಚೆನ್ನಾಗಿ ಸಾಕಲಾಗದು ಎಂಬುದು ಒಂದು. ತಂಗಳು ಹಾಕಿದರೆ ಸಾಕು, ನಾಯಿ ಹೇಗೋ ಬದುಕಿಕೊಳ್ಳುತ್ತದೆ ಎಂಬುದು ಇನ್ನೊಂದು. ಲಭ್ಯವಿರುವ ತಿಳಿವಳಿಕೆ ಇವೆರಡನ್ನೂ ಒಪ್ಪುವುದಿಲ್ಲ. ಈ ಸೀಮೆಯ ರಾಗಿ, ಮೊಟ್ಟೆ, ಮೊಸರು, ಕೋಳಿಮಾಂಸಗಳಿಂದಲೇ ನಾಯಿಗೆ ಒಳ್ಳೆಯ ಊಟ ಕಟ್ಟಬಹುದು. ಆದರೆ ತಟ್ಟೆಯಲ್ಲಿ ಏನು ಕಡಿಮೆ ಎಂಬುದನ್ನು ತಿಳಿದು ತುಂಬಬೇಕು. ಜೊತೆಗೆ ನೀರು, ಲಸಿಕೆ, ಜಂತುಹುಳು, ಉಣ್ಣೆ ಈ ನಾಲ್ಕರ ಕಡೆ ಕ್ರಮವಾಗಿ ಗಮನ ಕೊಡಬೇಕು. ಹೈನುಗಾರಿಕೆ, ಕುರಿ ಸಾಕಣೆಗಳೇ ಆಧಾರವಾಗಿರುವ ಈ ಊರುಗಳಲ್ಲಿ ನಾಯಿಯ ಆರೈಕೆ ದನಕರು ಮತ್ತು ಮಕ್ಕಳ ಆರೋಗ್ಯದಿಂದ ಬೇರ್ಪಡದ ಕೆಲಸ.

ಸೀಮೆ ಮತ್ತು ನಾಯಿ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆ ಮತ್ತು ಆಳದ ಕೊಳವೆಬಾವಿಗಳನ್ನು ನಂಬಿದ ಬಯಲುಸೀಮೆ ಇದು. ರಾಗಿ ಇಲ್ಲಿನ ಮುಖ್ಯ ಆಹಾರ ಬೆಳೆ. ಟೊಮೆಟೊ, ಮಾವು, ಹಿಪ್ಪುನೇರಳೆ, ಹಾಲು ಇಲ್ಲಿನ ಆದಾಯ. ನಾಯಿಯ ಬದುಕು ಈ ಕಸುಬುಗಳಿಗೆ ಹೊಂದಿಕೊಂಡು ತಾಲ್ಲೂಕಿನಿಂದ ತಾಲ್ಲೂಕಿಗೆ ಬದಲಾಗುತ್ತದೆ. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ನಾಯಿ ಕಾಯಿ ಕಟ್ಟುವ ಹೊತ್ತಿನಿಂದ ಕೊಯ್ಲು ಮುಗಿಯುವವರೆಗೆ ರಾತ್ರಿಯ ಕಾವಲುಗಾರ. ಕೋಲಾರ ತಾಲ್ಲೂಕಿನಲ್ಲಿ ಅದು ಟೊಮೆಟೊ ಹೊಲದ, ಕೊಟ್ಟಿಗೆಯ ಕಾವಲಿಗಿದೆ. ನಗರದ ಎಪಿಎಂಸಿ ಮಾರುಕಟ್ಟೆಯ ಸುತ್ತ ಬೀದಿನಾಯಿಗಳದೇ ಬೇರೆ ಲೋಕ. ಮುಳಬಾಗಿಲು ಬೆಂಗಳೂರು ಮತ್ತು ಆಂಧ್ರಪ್ರದೇಶದ ನಡುವಿನ ಹೆದ್ದಾರಿಯ ಮೇಲಿದೆ. ಅಲ್ಲಿ ಹೋಟೆಲು, ಡಾಬಾಗಳ ಎಂಜಲೇ ಎಷ್ಟೋ ನಾಯಿಗಳ ಹೊಟ್ಟೆ ತುಂಬಿಸುತ್ತದೆ. ಬೆಂಗಳೂರಿಗೆ ಹತ್ತಿರವಾದ, ಕೈಗಾರಿಕಾ ಪ್ರದೇಶವಿರುವ ಮಾಲೂರಿನಲ್ಲಿ ಹೊಸ ಬಡಾವಣೆಗಳು ಬೆಳೆದಂತೆ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಪೊಮೆರೇನಿಯನ್‌ನಂಥ ಜಾತಿನಾಯಿಗಳನ್ನು ಸಾಕುವವರೂ ಹೆಚ್ಚಿದ್ದಾರೆ. ಹೀಗೆ ಒಂದೇ ಜಿಲ್ಲೆಯಲ್ಲಿ ಒಂದು ನಾಯಿಗೆ ಪೋಷಕಾಂಶ ಸಾಲದ ಕಷ್ಟ, ಇನ್ನೊಂದಕ್ಕೆ ಊಟ ಹೆಚ್ಚಾದ ಕಷ್ಟ.

ಕನ್ನಡ ನಾಡಿನಲ್ಲಿ ನಾಯಿಯ ಮೇಲಿನ ಗೌರವ ಹಳೆಯದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಕ್ರಿ.ಶ. 949–50ರ ಶಾಸನ ಕಾಳಿ ಎಂಬ ಬೇಟೆನಾಯಿಯ ನೆನಪಿಗೆ ನಿಂತದ್ದು. ಹಂದಿಯೊಡನೆ ಕಾದಾಡಿ ಸತ್ತ ಆ ನಾಯಿಯ ಕಲ್ಲಿನ ಪೂಜೆಗೆಂದು ಭೂಮಿಯನ್ನೂ ಬಿಟ್ಟಿದ್ದರು. ಕೋಲಾರ ತಾಲ್ಲೂಕಿನ ಸೀತಿ ಬೆಟ್ಟದ ಭೈರವೇಶ್ವರ ಈ ಭಾಗದ ಒಕ್ಕಲು ಮಕ್ಕಳ ದೈವ. ಭೈರವನ ವಾಹನ ನಾಯಿಯೇ. ಕಾವಲಿನ ನಾಯಿಗೆ ಮೊದಲ ತುತ್ತು ಹಾಕುವ ರೂಢಿಯ ಹಿಂದೆ ಇಂಥ ಭಾವನೆ ಇದೆ. ಅದಕ್ಕೆ ಸರಿಯಾದ ತಿಳಿವಳಿಕೆಯೂ ಸೇರಿದರೆ ಆ ತುತ್ತು ನಾಯಿಗೆ ದಕ್ಕುತ್ತದೆ.

ರಾಗಿಯ ಬಲ, ರಾಗಿಯ ಕೊರತೆ

ನಾಯಿ ತೋಳದ ವಂಶದ್ದು, ಮುದ್ದೆ ಅದರ ಆಹಾರವೇ ಅಲ್ಲ ಎಂಬ ಮಾತನ್ನು ಮೊದಲು ಪರಿಶೀಲಿಸಬೇಕು. ಸ್ವೀಡನ್ನಿನ ಸಂಶೋಧಕರು 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪಿಷ್ಟವನ್ನು ಒಡೆಯುವ ಅಮೈಲೇಸ್ ಕಿಣ್ವದ ವಂಶವಾಹಿ ತೋಳದಲ್ಲಿ 2 ಪ್ರತಿಗಳಷ್ಟಿದ್ದರೆ ನಾಯಿಯಲ್ಲಿ 4ರಿಂದ 30 ಪ್ರತಿಗಳವರೆಗೆ ಇದೆ. ಬೇಸಾಯಗಾರನ ಮನೆಬಾಗಿಲಲ್ಲಿ ಸಾವಿರಾರು ವರ್ಷ ಬಾಳಿದ ನಾಯಿ ಕಾಳಿನ ಊಟವನ್ನು ಅರಗಿಸಿಕೊಳ್ಳುವ ಶಕ್ತಿ ಪಡೆದಿದೆ. ಆದ್ದರಿಂದ ಚೆನ್ನಾಗಿ ಬೆಂದ ರಾಗಿ ನಾಯಿಗೆ ಹೊರಗಿನದಲ್ಲ. ‘ಚೆನ್ನಾಗಿ ಬೆಂದ’ ಎಂಬುದು ಇಲ್ಲಿ ಮುಖ್ಯ. ಅರೆಬೆಂದ ಹಿಟ್ಟು ನಾಯಿಯ ಹೊಟ್ಟೆಯಲ್ಲಿ ಹುಳಿಯುತ್ತದೆ, ಗಾಳಿ ಕಟ್ಟುತ್ತದೆ, ಭೇದಿಯಾಗುತ್ತದೆ.

ಧಾನ್ಯಗಳ ಪೈಕಿ ರಾಗಿಗೆ ಒಂದು ವಿಶೇಷ ಗುಣವಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅಷ್ಟೇ ತೂಕದ ಪಾಲಿಶ್ ಅಕ್ಕಿಯಲ್ಲಿ ಅದು 10 ಮಿಲಿಗ್ರಾಂ ಆಸುಪಾಸು. ನಾಯಿಯ ಎಲುಬಿಗೆ ಕ್ಯಾಲ್ಸಿಯಂ ಮತ್ತು ರಂಜಕ ಎರಡೂ ಬೇಕು, ಅದರಲ್ಲೂ ಕ್ಯಾಲ್ಸಿಯಂ ರಂಜಕಕ್ಕಿಂತ ಕಡಿಮೆಯಾಗಬಾರದು. ಸಾಮಾನ್ಯವಾಗಿ ಧಾನ್ಯ ಮತ್ತು ಮಾಂಸ ಎರಡರಲ್ಲೂ ಈ ಲೆಕ್ಕ ತಲೆಕೆಳಗಾಗಿರುತ್ತದೆ. ರಾಗಿಯಲ್ಲಿ ಮಾತ್ರ ಕ್ಯಾಲ್ಸಿಯಂ ಮೇಲುಗೈ. ಹಾಗಾಗಿ ಅನ್ನ ತಿಂದು ಬೆಳೆದ ಮರಿಗಿಂತ ರಾಗಿ ತಿಂದು ಬೆಳೆದ ಮರಿಯ ಎಲುಬಿನ ಬುನಾದಿ ವಾಸಿ ಎಂದು ನಿರೀಕ್ಷಿಸಬಹುದು. ರಾಗಿಯಲ್ಲಿರುವ ಫೈಟಿಕ್ ಆಮ್ಲ ಕ್ಯಾಲ್ಸಿಯಂ, ಸತು, ಕಬ್ಬಿಣಗಳ ಒಂದು ಭಾಗವನ್ನು ಕಟ್ಟಿಹಾಕುತ್ತದೆ ನಿಜ. ಮೊಳಕೆ ಕಟ್ಟಿ ಹಿಟ್ಟು ಮಾಡಿದರೆ ಅಥವಾ ಅಂಬಲಿಯಂತೆ ಹುದುಗಿಸಿದರೆ ಆ ತೊಡಕು ಕಡಿಮೆಯಾಗುತ್ತದೆ.

ಆದರೆ ರಾಗಿಯಲ್ಲಿ ಪ್ರೋಟೀನ್ ಸುಮಾರು ಶೇಕಡಾ 7, ಕೊಬ್ಬು ಶೇಕಡಾ 2ಕ್ಕೂ ಕಡಿಮೆ. ನಾಯಿ ಆಹಾರಕ್ಕೆ ಅಮೆರಿಕದಲ್ಲಿ ಬಳಕೆಯಲ್ಲಿರುವ ಎಎಎಫ್‌ಸಿಒ ಮಾನದಂಡದ ಪ್ರಕಾರ, ತೇವಾಂಶ ಕಳೆದು ಲೆಕ್ಕ ಹಾಕಿದರೆ ಬೆಳೆದ ನಾಯಿಯ ಊಟದಲ್ಲಿ ಕನಿಷ್ಠ ಶೇಕಡಾ 18 ಪ್ರೋಟೀನ್, ಶೇಕಡಾ 5.5 ಕೊಬ್ಬು ಇರಬೇಕು. ಬೆಳೆಯುವ ಮರಿ ಮತ್ತು ಹಾಲೂಡಿಸುವ ತಾಯಿಗೆ ಶೇಕಡಾ 22.5 ಪ್ರೋಟೀನ್, ಶೇಕಡಾ 8.5 ಕೊಬ್ಬು. 15 ಕಿಲೋ ತೂಗುವ ಒಂದು ನಾಟಿ ನಾಯಿಗೆ ದಿನಕ್ಕೆ ಸುಮಾರು 850 ಕಿಲೋಕ್ಯಾಲರಿ ಬೇಕಾಗುತ್ತದೆ. ರಾತ್ರಿಯೆಲ್ಲ ತೋಪು ಸುತ್ತುವ ನಾಯಿಗೆ ಇನ್ನೂ ಹೆಚ್ಚು. ಈ ಶಕ್ತಿಯನ್ನು ಪೂರ್ತಿ ರಾಗಿಯಿಂದಲೇ ಕೊಡಲು ಸುಮಾರು 260 ಗ್ರಾಂ ಹಿಟ್ಟು ಬೇಕು. ಹೊಟ್ಟೆ ತುಂಬುತ್ತದೆ, ಆದರೆ ಅದರಲ್ಲಿ ಸಿಗುವ ಪ್ರೋಟೀನ್ ಸುಮಾರು 18 ಗ್ರಾಂ. ಬೇಕಿರುವುದು 38 ಗ್ರಾಂ. ಮುದ್ದೆ ಮತ್ತು ನೀರುಸಾರು ಮಾತ್ರ ತಿನ್ನುವ ನಾಯಿಯ ಕೂದಲು ಮಂಕಾಗುವುದು, ಸೊಂಟದ ಸ್ನಾಯು ಕರಗುವುದು, ಗಾಯ ಬೇಗ ಮಾಯದಿರುವುದು ಈ ಅರ್ಧದಷ್ಟು ಕೊರತೆಯ ಗುರುತು. ರಾಗಿ ಹಾಕಿದ್ದು ಇಲ್ಲಿ ತಪ್ಪಲ್ಲ, ಅದರೊಂದಿಗೆ ಬೇರೇನೂ ಹಾಕದಿದ್ದುದು ತಪ್ಪು.

ಒಂದು ದಿನದ ಊಟ

ಅದೇ 15 ಕಿಲೋ ನಾಯಿಗೆ 200 ಗ್ರಾಂ ರಾಗಿಹಿಟ್ಟು, 2 ಬೇಯಿಸಿದ ಮೊಟ್ಟೆ, 50 ಗ್ರಾಂ ಬೇಯಿಸಿದ ಮೂಳೆರಹಿತ ಕೋಳಿಮಾಂಸ ಕೊಟ್ಟರೆ ಸುಮಾರು 860 ಕಿಲೋಕ್ಯಾಲರಿ ಮತ್ತು 39 ಗ್ರಾಂ ಪ್ರೋಟೀನ್ ಸಿಗುತ್ತದೆ. ಮೊಟ್ಟೆಯ ಹಳದಿಯಿಂದ ಕೊಬ್ಬಿನ ಕೊರತೆಯೂ ತುಂಬುತ್ತದೆ. ಹಿಟ್ಟಿಗೆ ಉಪ್ಪು ಹಾಕದೆ, ಮುದ್ದೆಗಿಂತ ಸ್ವಲ್ಪ ಸಡಿಲವಾಗಿ, ಗಂಟಿಲ್ಲದಂತೆ ಚೆನ್ನಾಗಿ ಬೇಯಿಸಬೇಕು. ಉಗುರುಬೆಚ್ಚಗಾದ ಮೇಲೆ ಮೊಟ್ಟೆಯನ್ನು ಕಿವುಚಿ, ಮಾಂಸವನ್ನು ಸಣ್ಣಗೆ ಬಿಡಿಸಿ, ಹಿಟ್ಟಿನೊಂದಿಗೆ ಕೈಯಲ್ಲೇ ಕಲಸಬೇಕು. ಮೇಲೆ ಇಟ್ಟರೆ ನಾಯಿ ಮಾಂಸವನ್ನು ಮಾತ್ರ ಆರಿಸಿ ತಿಂದು ಮುದ್ದೆಯನ್ನು ಬಿಡುತ್ತದೆ. ಮೊಟ್ಟೆಯ ಚಿಪ್ಪನ್ನು ತೊಳೆದು, ಕುದಿಸಿ, ಒಣಗಿಸಿ, ನುಣ್ಣಗೆ ಪುಡಿ ಮಾಡಿಟ್ಟುಕೊಂಡರೆ ಅರ್ಧ ಚಹಾ ಚಮಚದಲ್ಲಿ ಸುಮಾರು 1 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಬೆಳೆದ ನಾಯಿಯ ಇಂಥ ಊಟದಲ್ಲಿ ಉಳಿಯುವ ಕೊರತೆಗೆ ಅದರಲ್ಲೂ ಅರ್ಧ ಸಾಕು. ವಾರಕ್ಕೊಮ್ಮೆ ಸ್ವಲ್ಪ ಬೇಯಿಸಿದ ಈಲಿ, ಆಗಾಗ ಕುಂಬಳ, ಕ್ಯಾರೆಟ್, ಬೆಂದ ಸೊಪ್ಪು ಸೇರಿಸಬಹುದು. ಬೆಳೆದ ನಾಯಿಗೆ ದಿನಕ್ಕೆ ಎರಡು ಹೊತ್ತು, ಗೊತ್ತಾದ ಸಮಯಕ್ಕೆ ಹಾಕಿ, ಕಾಲು ಗಂಟೆಯಲ್ಲಿ ಉಳಿದದ್ದನ್ನು ಎತ್ತಿಬಿಡುವುದು ಒಳ್ಳೆಯದು.

ಹಾಲಿನ ಸೀಮೆಯಾದ್ದರಿಂದ ಹಾಲಿನ ಮಾತನ್ನೂ ಹೇಳಬೇಕು. ಬೆಳೆದ ನಾಯಿಯಲ್ಲಿ ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವ ಕಡಿಮೆಯಾಗಿರುತ್ತದೆ. ಬಟ್ಟಲು ತುಂಬ ಹಸಿಹಾಲು ಕುಡಿದ ನಾಯಿಗೆ ಭೇದಿಯಾಗುವುದು ಇದರಿಂದ. ಮೊಸರು, ಮಜ್ಜಿಗೆಗಳಲ್ಲಿ ಆ ಸಕ್ಕರೆಯ ಒಂದು ಪಾಲು ಹುದುಗಿ ಹೋಗಿರುತ್ತದೆ, ಆದ್ದರಿಂದ ಅವು ಹಾಲಿಗಿಂತ ಚೆನ್ನಾಗಿ ಹಿಡಿಸುತ್ತವೆ. ನೀರಿನ ವಿಷಯ ಇದಕ್ಕಿಂತ ದೊಡ್ಡದು. ನಾಯಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 50–60 ಮಿಲಿಲೀಟರ್ ನೀರು ಬೇಕು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಜಿಲ್ಲೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಮನೆಯವರು ಕುಡಿಯಲು ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನಿಂದಲೇ ನಾಯಿಗೂ ಒಂದು ಲೀಟರ್ ಹಾಕುವುದು ದುಬಾರಿಯ ಕೆಲಸವಲ್ಲ. ನಾಯಿ ಮೈಯೆಲ್ಲ ಬೆವರುವುದಿಲ್ಲ, ಏದುಸಿರಿನಿಂದಲೇ ಮೈ ತಣಿಸಿಕೊಳ್ಳುತ್ತದೆ. ಅದರ ಸಹಜ ಮೈಬಿಸಿ ಸುಮಾರು 38ರಿಂದ 39.2 ಡಿಗ್ರಿ ಸೆಲ್ಸಿಯಸ್. 41 ದಾಟಿದರೆ ಜೀವಕ್ಕೇ ಅಪಾಯ. ಏಪ್ರಿಲ್, ಮೇ ತಿಂಗಳಲ್ಲಿ ನೆರಳಿಲ್ಲದ ಕಡೆ ಸರಪಳಿಯಲ್ಲಿ ಕಟ್ಟಿದ ನಾಯಿಗೆ ತಪ್ಪಿಸಿಕೊಳ್ಳುವ ದಾರಿಯೂ ಇರುವುದಿಲ್ಲ.

ಎಷ್ಟು ಹಾಕಬೇಕು ಎಂಬುದಕ್ಕೆ ಲೆಕ್ಕಕ್ಕಿಂತ ಕೈಯೇ ಒಳ್ಳೆಯ ಸಾಕ್ಷಿ. ಎದೆಗೂಡಿನ ಮೇಲೆ ಬೆರಳಾಡಿಸಿದಾಗ ಪಕ್ಕೆಲುಬು ಒತ್ತದೆಯೇ ಸಿಗಬೇಕು, ಆದರೆ ದೂರದಿಂದ ಎಣಿಸುವಂತೆ ಎದ್ದು ಕಾಣಬಾರದು; ಮೇಲಿನಿಂದ ನೋಡಿದರೆ ನಡು ಸಣ್ಣಗಿರಬೇಕು. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಹುಟ್ಟಿನಿಂದ ಸಾವಿನವರೆಗೆ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜೊತೆಯ ನಾಯಿಗಿಂತ ಶೇಕಡಾ 25ರಷ್ಟು ಕಡಿಮೆ ಊಟ ಪಡೆದವು ಮಧ್ಯಾಂಕ ಲೆಕ್ಕದಲ್ಲಿ 13 ವರ್ಷ ಬದುಕಿದವು, ಹೆಚ್ಚು ಪಡೆದವು 11.2 ವರ್ಷ. ಮಾಲೂರಿನ ಬಡಾವಣೆಗಳಲ್ಲಿ ಬಿಸ್ಕತ್ತು, ಬ್ರೆಡ್ಡು ತಿಂದು ಗೇಟಿನೊಳಗೇ ಮಲಗುವ ಜಾತಿನಾಯಿಗೆ ಪ್ರೀತಿ ತೋರಿಸುವ ದಾರಿ ಇನ್ನೊಂದು ಬಿಸ್ಕತ್ತಲ್ಲ, ಬೆಳಗ್ಗೆ ಸಂಜೆಯ ನಡಿಗೆ.

ಪೊಟ್ಟಣ, ಹಸಿಮಾಂಸ, ಸಸ್ಯಾಹಾರ

ಮನೆಯ ಊಟದಲ್ಲಿ ಎಲ್ಲ ಪೋಷಕಾಂಶಗಳೂ ಸಿಗುವುದಿಲ್ಲ, ಆದ್ದರಿಂದ ಪೊಟ್ಟಣದ ಆಹಾರವೇ ಸುರಕ್ಷಿತ ಎಂಬ ಆಕ್ಷೇಪದಲ್ಲಿ ತಿರುಳಿದೆ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪಶುವೈದ್ಯರು ಪುಸ್ತಕ ಮತ್ತು ಅಂತರಜಾಲದಿಂದ ಆರಿಸಿದ 200 ಮನೆಯೂಟದ ಪಾಕಗಳನ್ನು 2013ರಲ್ಲಿ ವಿಶ್ಲೇಷಿಸಿದಾಗ ಶೇಕಡಾ 95ರಷ್ಟು ಪಾಕಗಳಲ್ಲಿ ಒಂದಲ್ಲ ಒಂದು ಅಗತ್ಯ ಪೋಷಕಾಂಶ ಸಾಲದೆ ಹೋಗಿತ್ತು. ಮೇಲೆ ಹೇಳಿದ ರಾಗಿ–ಮೊಟ್ಟೆ–ಕೋಳಿಯ ಊಟದಲ್ಲೂ ಸತು, ತಾಮ್ರ, ಅಯೋಡಿನ್, ಡಿ ಮತ್ತು ಇ ಜೀವಸತ್ವಗಳು ಕಡಿಮೆ ಬೀಳಬಹುದು. ಆದರೆ ಇದಕ್ಕೆ ಪರಿಹಾರ ಇಡೀ ಊಟವನ್ನೇ ಬಿಟ್ಟುಬಿಡುವುದಲ್ಲ. ಪಶುವೈದ್ಯರು ತೂಕ ನೋಡಿ ಹೇಳುವ ಖನಿಜ–ಜೀವಸತ್ವದ ಪೂರಕವನ್ನು ಅದಕ್ಕೆ ಸೇರಿಸುವುದು. ಹಸುವಿನ ಖನಿಜ ಮಿಶ್ರಣವನ್ನೇ ನಾಯಿಗೂ ಅಂದಾಜಿನಲ್ಲಿ ಹಾಕುವುದು ತಪ್ಪು, ಅದರ ಪ್ರಮಾಣವೇ ಬೇರೆ. ಪೊಟ್ಟಣ ಕೊಳ್ಳಬಲ್ಲವರು ‘ಸಂಪೂರ್ಣ ಮತ್ತು ಸಮತೋಲಿತ’ ಎಂದು ವಯಸ್ಸಿನ ಹಂತದೊಂದಿಗೆ ನಮೂದಿಸಿರುವುದನ್ನು ನೋಡಿ ಕೊಳ್ಳಬಹುದು. ಅರ್ಧ ಪೊಟ್ಟಣ, ಅರ್ಧ ಮನೆಯೂಟವೂ ಆಗಬಹುದು. ತಿಂಗಳಲ್ಲಿ ನಾಲ್ಕು ದಿನ ಪೊಟ್ಟಣ, ಉಳಿದ ದಿನ ಬರಿ ಅನ್ನ ಹಾಕುವುದರಿಂದ ಮಾತ್ರ ಪ್ರಯೋಜನವಿಲ್ಲ.

ಎರಡನೆಯ ಆಕ್ಷೇಪ, ನಾಯಿಗೆ ಹಸಿಮಾಂಸವೇ ಸಹಜ ಎಂಬುದು. ಹಸಿಮಾಂಸದಲ್ಲಿ ಸಾಲ್ಮೊನೆಲ್ಲಾದಂಥ ರೋಗಾಣುಗಳೂ ಹುಳುಗಳ ಮರಿಹಂತಗಳೂ ಇರಬಹುದು. ಅವು ನಾಯಿಯ ಬಾಯಿ, ಮಲದ ಮೂಲಕ ಮನೆಗೆ ಬರುತ್ತವೆ. ಬೇಯಿಸಿದರೆ ಈ ಅಪಾಯ ತಪ್ಪುತ್ತದೆ, ಪ್ರೋಟೀನ್ ಹಾಳಾಗುವುದಿಲ್ಲ. ಮಾಂಸ ಒಂದನ್ನೇ ತಿನ್ನಿಸಿದರೂ ಕೇಡೇ, ಅದರಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಅತ್ಯಲ್ಪ. ಮೂರನೆಯದು ಸಸ್ಯಾಹಾರಿ ಮನೆಗಳ ಪ್ರಶ್ನೆ. ಬೆಕ್ಕಿನಂತೆ ನಾಯಿ ಮಾಂಸವನ್ನೇ ಅವಲಂಬಿಸಿದ ಪ್ರಾಣಿಯಲ್ಲ, ಆದ್ದರಿಂದ ಮಾಂಸವಿಲ್ಲದೆಯೂ ಅದನ್ನು ಸಾಕಬಹುದು. ಆದರೆ ಅನ್ನ–ಮೊಸರಿನಿಂದ ಅದು ಆಗದು. ಸೋಯಾ, ಮೆತ್ತಗೆ ಬೆಂದ ಬೇಳೆ, ಪನೀರು, ಸಾಧ್ಯವಾದರೆ ಮೊಟ್ಟೆ ಸೇರಬೇಕು. ಪೂರಕ ಇಲ್ಲಿ ಕಡ್ಡಾಯ. ಮರಿ, ಬಸುರಿ, ಹಾಲೂಡಿಸುವ ನಾಯಿಗೆ ಮೊಟ್ಟೆಯೂ ಇಲ್ಲದ ಊಟವನ್ನು ವೈದ್ಯರ ಸಲಹೆಯಿಲ್ಲದೆ ಪ್ರಯೋಗಿಸಬಾರದು.

ಕೊಡಬಾರದ ವಸ್ತುಗಳು

ಎಂಜಲು ಹಾಕುವುದರಲ್ಲಿರುವ ನಿಜವಾದ ಅಪಾಯ ನಮ್ಮ ಸಾರಿನಲ್ಲೇ ಇದೆ. ಈರುಳ್ಳಿ, ಬೆಳ್ಳುಳ್ಳಿ ಹಸಿಯಾಗಿರಲಿ, ಬೆಂದಿರಲಿ, ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಒಂದು ದಿನ ತಿಂದರೆ ಕಾಣದ ಕೆಡುಕು ದಿನವೂ ತಿಂದಾಗ ರಕ್ತಹೀನತೆಯಾಗುತ್ತದೆ. ಬಸ್ಸಾರು, ಕೋಳಿಸಾರು ಕಲಸಿದ ಮುದ್ದೆಯ ಬದಲು ಒಗ್ಗರಣೆಗೆ ಮುಂಚೆ ಬೇಳೆಕಟ್ಟನ್ನೋ ಸಪ್ಪೆ ಮಾಂಸದ ನೀರನ್ನೋ ತೆಗೆದಿಟ್ಟರೆ ಸಾಕು. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡವನ್ನು ಕೆಡಿಸುತ್ತವೆ. ದ್ರಾಕ್ಷಿ ಬೆಳೆಯುವ ತೋಟಗಳಲ್ಲಿ ಇದು ನೆನಪಿರಬೇಕು. ಚಾಕೊಲೇಟು, ಸಕ್ಕರೆಯ ಬದಲು ಬಳಸುವ ಜೈಲಿಟಾಲ್, ಹೆಂಡ ವಿಷ. ಬೆಂದ ಕೋಳಿಮೂಳೆ ಚೂಪಾಗಿ ಸೀಳುತ್ತದೆ, ಗಂಟಲು ಕರುಳುಗಳನ್ನು ಚುಚ್ಚುತ್ತದೆ. ಹೆದ್ದಾರಿ ಬದಿಯ ಬಿರಿಯಾನಿ ಎಂಜಲನ್ನು ರಾಶಿ ಸುರಿಯುವುದು ಈ ಕಾರಣಕ್ಕೆ ದಾನವಾಗುವುದಿಲ್ಲ. ಮಾವಿನ ಹಣ್ಣಿನ ತಿರುಳಿನಿಂದ ತೊಂದರೆಯಿಲ್ಲ, ಆದರೆ ನುಂಗಿದ ಗೊರಟೆ ಕರುಳನ್ನು ಅಡ್ಡಗಟ್ಟಿದರೆ ಶಸ್ತ್ರಚಿಕಿತ್ಸೆಯೊಂದೇ ದಾರಿ. ಕೊಯ್ಲಿನ ಕಾಲದಲ್ಲಿ ಶ್ರೀನಿವಾಸಪುರದ ತೋಪಿನ ನಾಯಿ ವಾಂತಿ ಮಾಡುತ್ತ, ಊಟ ಬಿಟ್ಟು, ಮಲ ಹಾಕದೆ ಕುಳಿತರೆ ಮೊದಲು ಇದನ್ನೇ ಶಂಕಿಸಬೇಕು. ಟೊಮೆಟೊ, ಮಾವಿಗೆ ಹೊಡೆಯುವ ಕೀಟನಾಶಕದ ಡಬ್ಬಿ, ಬಕೆಟ್ಟು, ಇಲಿಪಾಷಾಣಗಳನ್ನು ನಾಯಿಯ ಬಾಯಿಗೆ ಸಿಗದಂತಿಡಬೇಕು. ಜೊಲ್ಲು, ನಡುಕ, ಚುಕ್ಕೆಯಷ್ಟು ಕುಗ್ಗಿದ ಕಣ್ಣಿನ ಪಾಪೆ ಕೀಟನಾಶಕ ಸೇರಿದ ಗುರುತು. ಡಬ್ಬಿಯ ಸಮೇತ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂಥ ಮನುಷ್ಯರ ಮಾತ್ರೆಗಳನ್ನು ಜ್ವರಕ್ಕೆಂದು ಕೊಡಬಾರದು.

ಮರಿಯ ಪೋಷಣೆ

ಮರಿ ಹುಟ್ಟಿದ ಮೊದಲ ದಿನದ ಗಿಣ್ಣುಹಾಲಿನಲ್ಲಿ ರೋಗ ತಡೆಯುವ ಶಕ್ತಿ ಇದೆ, ಅದು ತಪ್ಪಬಾರದು. ತಾಯಿ ಸತ್ತ ಮರಿಗೆ ಬರಿ ಹಸುವಿನ ಹಾಲು ಸಾಲದು. ನಾಯಿಯ ಹಾಲಿನಲ್ಲಿ ಪ್ರೋಟೀನೂ ಕೊಬ್ಬೂ ಅದರ ಎರಡು ಪಟ್ಟಿನ ಆಸುಪಾಸು ಇರುತ್ತವೆ. ಮರಿಗೆಂದೇ ಸಿಗುವ ಹಾಲಿನ ಪುಡಿ ಉತ್ತಮ. ನಾಲ್ಕನೆಯ ವಾರದಿಂದ ಮೊಳಕೆ ರಾಗಿಯ ಸರಿಗೆ ಕಿವುಚಿದ ಮೊಟ್ಟೆ ಸೇರಿಸಿ ನೆಕ್ಕಿಸಬಹುದು. ಎಂಟು ವಾರ ತುಂಬುವವರೆಗೆ ತಾಯಿಯಿಂದ ಅಗಲಿಸಬಾರದು. ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಹೊತ್ತು, ಆರು ತಿಂಗಳವರೆಗೆ ಮೂರು ಹೊತ್ತು ಊಟ. ಅನ್ನ–ಮಾಂಸವನ್ನಷ್ಟೇ ತಿಂದ ಮರಿಯ ರಕ್ತ ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಎಲುಬಿನಿಂದಲೇ ಎಳೆದುಕೊಳ್ಳುತ್ತದೆ; ಕಾಲು ಬಾಗುತ್ತದೆ, ಸಣ್ಣ ನೆಗೆತಕ್ಕೇ ಮೂಳೆ ಮುರಿಯುತ್ತದೆ. ದೊಡ್ಡ ತಳಿಯ ಮರಿಗೆ ಕ್ಯಾಲ್ಸಿಯಂ ಮಾತ್ರೆಗಳನ್ನು ಮನಬಂದಂತೆ ನುಂಗಿಸುವುದೂ ಎಲುಬು–ಕೀಲುಗಳ ಬೆಳವಣಿಗೆಯನ್ನು ಕೆಡಿಸುತ್ತದೆ.

ಜಂತುಹುಳು: ನಾಯಿ, ಹಸು, ಕುರಿ, ಮಗು

ತಿಂದ ಅನ್ನ ಮೈಗೆ ಹತ್ತದಿರಲು ಮೊದಲ ಕಾರಣ ಜಂತುಹುಳು. ದುಂಡುಹುಳು ತಾಯಿಯ ಗರ್ಭದಲ್ಲೇ ಮರಿಗೆ ಸೇರುತ್ತದೆ, ಕೊಕ್ಕೆಹುಳು ಮೊಲೆಹಾಲಿನಲ್ಲಿ ಬಂದು ರಕ್ತ ಹೀರುತ್ತದೆ. ಆದ್ದರಿಂದ ಎರಡನೆಯ ವಾರದಿಂದ ಎರಡು ವಾರಕ್ಕೊಮ್ಮೆ ಎಂಟನೆಯ ವಾರದವರೆಗೆ, ನಂತರ ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ತೂಕಕ್ಕೆ ತಕ್ಕ ಔಷಧ ಕೊಡುವುದು ರೂಢಿ. ತಾಯಿಗೂ ಜೊತೆಯಲ್ಲೇ ಕೊಡಬೇಕು. ಅಂಗಳದ ಮಣ್ಣಿನಲ್ಲಿ ಉಳಿದ ದುಂಡುಹುಳುವಿನ ಮೊಟ್ಟೆ ಆಡುವ ಮಗುವಿನ ಬಾಯಿಗೆ ಹೋದರೆ ಅದರ ಮರಿಹುಳು ಈಲಿ, ಕಣ್ಣುಗಳಿಗೆ ಹರಿದಾಡಬಲ್ಲದು.

ಈ ಸೀಮೆಗೆ ಇನ್ನೂ ಎರಡು ಕೊಂಡಿಗಳು ಮುಖ್ಯ. ಹೊಸತೊಡಕಿಗೋ ಊರಹಬ್ಬಕ್ಕೋ ಕುರಿ ಕೊಯ್ದಾಗ ನೀರುಗುಳ್ಳೆಗಳಿರುವ ಈಲಿ, ಶ್ವಾಸಕೋಶವನ್ನು ನಾಯಿಗೆ ಎಸೆಯುವುದುಂಟು. ಆ ಗುಳ್ಳೆಯೊಳಗಿನದು ಎಕಿನೊಕಾಕಸ್ ಎಂಬ ಲಾಡಿಹುಳುವಿನ ಮರಿ. ನಾಯಿಯ ಕರುಳಿನಲ್ಲಿ ಅದು ಬೆಳೆದು ಮೊಟ್ಟೆ ಹಾಕುತ್ತದೆ. ಆ ಮೊಟ್ಟೆ ಹುಲ್ಲಿನ ಮೂಲಕ ಮತ್ತೆ ಕುರಿಗೆ, ಕೈ–ತರಕಾರಿಯ ಮೂಲಕ ಮನುಷ್ಯನಿಗೆ ಸೇರಿ ಈಲಿಯಲ್ಲಿ ವರ್ಷಗಟ್ಟಲೆ ಬೆಳೆಯುವ ಗಡ್ಡೆಯಾಗುತ್ತದೆ. ಇನ್ನೊಂದು ನಿಯೊಸ್ಪೊರಾ ಎಂಬ ಏಕಕೋಶ ಜೀವಿ. ಹಸು ಕರು ಹಾಕಿದಾಗ ಬೀಳುವ ಸತ್ತೆಯನ್ನೋ ಕಂದು ಹಾಕಿದ ಕರುವನ್ನೋ ತಿಂದ ನಾಯಿಗೆ ಅದು ಹತ್ತುತ್ತದೆ. ನಾಯಿಯ ಮಲ ಬಿದ್ದ ಮೇವು, ನೀರಿನಿಂದ ಹಸುವಿಗೆ ಹತ್ತಿ, ಹೆಚ್ಚಾಗಿ ಐದಾರನೆಯ ತಿಂಗಳಲ್ಲಿ ಗರ್ಭ ಬೀಳುತ್ತದೆ. ಈ ಎರಡೂ ಸುತ್ತುಗಳನ್ನು ಮುರಿಯುವ ಉಪಾಯ ಸುಲಭ: ಹಸಿ ಅಂಗಾಂಗ ಹಾಕಬಾರದು, ಸತ್ತೆಯನ್ನು ಆಳವಾಗಿ ಹೂಳಬೇಕು, ಹುಲ್ಲಿನ ಬಣವೆ ಮತ್ತು ಬಾನಿಯ ಹತ್ತಿರ ನಾಯಿ ಮಲ ಹಾಕದಂತೆ ನೋಡಿಕೊಳ್ಳಬೇಕು, ಪ್ರಾಜಿಕ್ವಾಂಟೆಲ್ ಇರುವ ಲಾಡಿಹುಳುವಿನ ಔಷಧ ಕೊಡಿಸಬೇಕು. ಹಾಲಿನ ಡೇರಿಯ ಆದಾಯ ನಂಬಿದ ಮನೆಗೆ ನಾಯಿಯ ಆರೈಕೆ ಶೋಕಿಯಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಡ.

ಉಣ್ಣೆ ಮತ್ತು ಕಜ್ಜಿ

ಬೆಚ್ಚನೆಯ ಹವೆಯಲ್ಲಿ ಕಂದು ನಾಯಿ ಉಣ್ಣೆ ವರ್ಷವಿಡೀ ಇರುತ್ತದೆ. ಅದರ ಕಡಿತದಿಂದ ಬರುವ ಎರ್ಲಿಕಿಯ, ಬಬೇಸಿಯ ಸೋಂಕುಗಳಲ್ಲಿ ಜ್ವರ, ಊಟ ಬಿಡುವುದು, ಮೂಗಿನಲ್ಲಿ ರಕ್ತ, ಕೆಂಪು–ಕಂದು ಮೂತ್ರ ಕಾಣಿಸಬಹುದು. ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ತುಟಿ ಎತ್ತಿ ಒಸಡನ್ನು ನೋಡಬೇಕು. ಆರೋಗ್ಯದ ಒಸಡು ನಸುಗೆಂಪು. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಒಸಡು ಬೆಳ್ಳಗಿದ್ದರೆ ಅಂದೇ ರಕ್ತ ಪರೀಕ್ಷೆಯಾಗಬೇಕು. ಹೆಣ್ಣು ಉಣ್ಣೆ ರಕ್ತ ಹೀರಿ ಉದುರಿ, ಗೋಡೆಯ ಬಿರುಕು, ಚಪ್ಪಡಿಯ ಸಂದುಗಳಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಆದ್ದರಿಂದ ನಾಯಿಯ ಮೈಯಿಂದ ಕಿತ್ತರಷ್ಟೇ ಮುಗಿಯದು, ಮಲಗುವ ಜಾಗದ ಸಂದುಗಳನ್ನು ಮುಚ್ಚಿ ಸುಣ್ಣ ಬಳಿದು, ಅಲ್ಲಿಗೂ ಔಷಧ ಹೊಡೆಯಬೇಕು. ಕಜ್ಜಿಗೆ ಸುಟ್ಟ ಎಂಜಿನ್ ಆಯಿಲ್, ಸೀಮೆಎಣ್ಣೆ ಬಳಿಯುವ ರೂಢಿ ಅಪಾಯದ್ದು. ಚರ್ಮ ಸುಡುತ್ತದೆ, ನೆಕ್ಕಿದ ಎಣ್ಣೆ ಒಳಗೂ ಸೇರುತ್ತದೆ. ದನಕ್ಕೆ ತಂದ ಉಣ್ಣೆ ಔಷಧ, ಐವರ್ಮೆಕ್ಟಿನ್ ಚುಚ್ಚುಮದ್ದುಗಳನ್ನು ಅಂದಾಜಿನಲ್ಲಿ ನಾಯಿಗೆ ಬಳಸುವುದೂ ಅಷ್ಟೇ ಅಪಾಯ. ಕಾಲಿ ಜಾತಿಯ ನಾಯಿಗಳಿಗಂತೂ ಐವರ್ಮೆಕ್ಟಿನ್ ಪ್ರಾಣಾಂತಿಕವಾಗಬಲ್ಲದು.

ಲಸಿಕೆ ಮತ್ತು ರೇಬಿಸ್

ಪಾರ್ವೊ, ಡಿಸ್ಟೆಂಪರ್, ಹೆಪಟೈಟಿಸ್, ಇಲಿಜ್ವರಗಳ ವಿರುದ್ಧದ ಸಂಯುಕ್ತ ಲಸಿಕೆಯನ್ನು 6–8 ವಾರದಲ್ಲಿ ಆರಂಭಿಸಿ, 3–4 ವಾರಗಳ ಅಂತರದಲ್ಲಿ 16 ವಾರ ತುಂಬುವವರೆಗೆ ಮುಂದುವರಿಸಬೇಕು. ತಾಯಿಯಿಂದ ಬಂದ ಪ್ರತಿಕಾಯಗಳು ಮೊದಲ ಲಸಿಕೆಯನ್ನು ನಿಷ್ಫಲ ಮಾಡಬಹುದಾದ್ದರಿಂದಲೇ ಕೊನೆಯ ಸೂಜಿ ತಪ್ಪಬಾರದು. ರೇಬಿಸ್ ಲಸಿಕೆ 12 ವಾರ ತುಂಬಿದ ಮೇಲೆ, ನಂತರ ಪ್ರತಿ ವರ್ಷ. ಭಾರತದಲ್ಲಿ ವರ್ಷಕ್ಕೆ 18,000–20,000 ಜನ ರೇಬಿಸ್‌ನಿಂದ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಲಕ್ಷಣ ಕಾಣಿಸಿದ ಮೇಲೆ ಉಳಿಯುವ ಭರವಸೆ ಇಲ್ಲವೇ ಇಲ್ಲ ಎನ್ನಬಹುದು. ಆದರೆ ಒಂದು ಪ್ರದೇಶದ ಶೇಕಡಾ 70ರಷ್ಟು ನಾಯಿಗಳಿಗೆ ಲಸಿಕೆ ಬಿದ್ದರೆ ರೋಗದ ಸರಪಳಿ ಕಡಿಯುತ್ತದೆ. 2030ರೊಳಗೆ ನಾಯಿಯಿಂದ ಹರಡುವ ರೇಬಿಸ್ ಅನ್ನು ತೊಡೆದುಹಾಕುವ ರಾಷ್ಟ್ರೀಯ ಯೋಜನೆ 2021ರ ಸೆಪ್ಟೆಂಬರ್ 28ರಂದು ಪ್ರಕಟವಾಯಿತು. ಕರ್ನಾಟಕ 2022ರಲ್ಲಿ ಮನುಷ್ಯರ ರೇಬಿಸ್ ಅನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿತು. ಕಚ್ಚಿದರೆ ಗಾಯವನ್ನು ಹರಿಯುವ ನೀರು, ಸೋಪಿನಿಂದ 15 ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ, ಮೆಣಸಿನಪುಡಿ ಹಚ್ಚಬಾರದು. ಈ ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಿವೆ. ಸಂಚಾರಿ ಪಶುಚಿಕಿತ್ಸಾ ಘಟಕಕ್ಕಾಗಿ 1962ಕ್ಕೆ ಕರೆ ಮಾಡಬಹುದು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಕೋಲಾರದಿಂದ ಹೆದ್ದಾರಿಯಲ್ಲಿ ಹೋಗಬಹುದು.

ಬೀದಿನಾಯಿ

ಒಡೆಯನಿಲ್ಲದ ನಾಯಿಗೆ ಅನ್ನ ಹಾಕುವುದರಿಂದಲೇ ನಾಯಿಗಳು ಹೆಚ್ಚುತ್ತವೆ ಎಂಬ ದೂರು ಪೂರ್ತಿ ಸುಳ್ಳಲ್ಲ. ಹೆಣ್ಣುನಾಯಿ ವರ್ಷಕ್ಕೆ ಸಾಮಾನ್ಯವಾಗಿ ಎರಡು ಬಾರಿ ಬೆದೆಗೆ ಬರುತ್ತದೆ, ಸುಮಾರು 63 ದಿನಕ್ಕೆ ಮರಿ ಹಾಕುತ್ತದೆ. ಅನ್ನ ಮಾತ್ರ ಹಾಕಿ ಸಂತಾನಹರಣ ಮಾಡಿಸದಿದ್ದರೆ ಸಂಖ್ಯೆ ಏರುತ್ತದೆ. ಆದರೆ ನಾಯಿಗಳನ್ನು ಮುಖ್ಯವಾಗಿ ಸಾಕುತ್ತಿರುವುದು ಮನೆಯವರ ತುತ್ತಲ್ಲ. ಕೋಳಿ ಅಂಗಡಿಯ ತ್ಯಾಜ್ಯ, ಹೋಟೆಲಿನ ಎಂಜಲು, ತೆರೆದ ತಿಪ್ಪೆ. ಅನ್ನ ಹಾಕುವ ಕೈಗೆ ಪಳಗಿದ ನಾಯಿಯನ್ನು ಲಸಿಕೆಗೂ ಶಸ್ತ್ರಚಿಕಿತ್ಸೆಗೂ ಹಿಡಿಯುವುದು ಸುಲಭ, ಹಸಿದು ಬೆದರಿದ ನಾಯಿಯನ್ನು ಹಿಡಿಯುವುದು ಕಷ್ಟ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಸಂತಾನಹರಣ ಮತ್ತು ಲಸಿಕೆಯ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿ, ಮಕ್ಕಳು ಆಡುವ ಜಾಗ, ಓಡಾಟದ ದಾರಿಗಳಿಂದ ದೂರದಲ್ಲಿ ಅನ್ನ ಹಾಕುವ ಸ್ಥಳ ಗುರುತಿಸಲು ಹೇಳುತ್ತವೆ. ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲಿ ರೇಬಿಸ್ ಶಂಕಿತ ಮತ್ತು ಆಕ್ರಮಣಕಾರಿ ನಾಯಿಗಳನ್ನು ಬಿಟ್ಟು ಉಳಿದವನ್ನು ಸಂತಾನಹರಣ, ಲಸಿಕೆಯ ನಂತರ ಅದೇ ಪ್ರದೇಶಕ್ಕೆ ಬಿಡಬೇಕೆಂದೂ, ಗೊತ್ತುಪಡಿಸಿದ ಜಾಗದಲ್ಲಷ್ಟೇ ಅನ್ನ ಹಾಕಬೇಕೆಂದೂ ಹೇಳಿತು. ಅದೇ ವರ್ಷದ ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ತೆರವು ಮಾಡಲು ಸೂಚಿಸಿತು. ವಿಷ ಹಾಕಿ ಕೊಲ್ಲುವುದು ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಡಿ ಅಪರಾಧ. ಸಂತಾನಹರಣ ಸಾಕುನಾಯಿಗೂ ಒಳಿತು. ಗರ್ಭಕೋಶದಲ್ಲಿ ಕೀವು ತುಂಬುವ ರೋಗ ತಪ್ಪುತ್ತದೆ, ಮೊದಲ ಬೆದೆಗೆ ಮುಂಚೆಯೇ ಮಾಡಿಸಿದರೆ ಕೆಚ್ಚಲಿನ ಗಡ್ಡೆಯ ಸಂಭವವೂ ಬಹಳ ಇಳಿಯುತ್ತದೆ.

ಕೊನೆಯ ಆಕ್ಷೇಪ

ಅಜ್ಜಂದಿರ ಕಾಲದಲ್ಲಿ ಲಸಿಕೆಯೂ ಇರಲಿಲ್ಲ, ಮೊಟ್ಟೆಯೂ ಇರಲಿಲ್ಲ, ನಾಯಿಗಳು ಬದುಕಿರಲಿಲ್ಲವೇ ಎಂಬ ಪ್ರಶ್ನೆ ಹಳ್ಳಿಯಲ್ಲಿ ಸಹಜ. ನಾಯಿಯ ಕುಲ ಉಳಿಯಿತು ನಿಜ, ಆದರೆ ಒಂದು ಸೂಲಿನ ಮರಿಗಳಲ್ಲಿ ಬಹುಪಾಲು ಮೊದಲ ವರ್ಷ ದಾಟದೆ ಸತ್ತೇ ಅದು ಉಳಿದದ್ದು. ಗಟ್ಟಿಮುಟ್ಟಾಗಿ ಕಾಣುವ ನಾಟಿ ನಾಯಿ, ಸತ್ತ ಒಡಹುಟ್ಟಿದವುಗಳ ನಡುವೆ ಉಳಿದದ್ದು; ಅದರ ಗಟ್ಟಿತನವನ್ನು ಆರೈಕೆ ಬೇಡವೆಂಬುದಕ್ಕೆ ಆಧಾರ ಮಾಡಿಕೊಳ್ಳುವುದು ತರ್ಕವಲ್ಲ. ಮನುಷ್ಯರಿಗೇ ಸಾಲದಿರುವಾಗ ನಾಯಿಗೇಕೆ ಎಂಬ ಮಾತಿಗೂ ಉತ್ತರ ಇಲ್ಲೇ ಇದೆ: ನಾಯಿಗೆ ಹಾಕಿದ ಜಂತುಮದ್ದು ಕುರಿ–ಹಸುವನ್ನು ಕಾಯುತ್ತದೆ, ಚುಚ್ಚಿಸಿದ ಲಸಿಕೆ ಬೀದಿಯಲ್ಲಿ ಆಡುವ ಮಕ್ಕಳನ್ನು ಕಾಯುತ್ತದೆ. ದಿನಕ್ಕೆ ಎರಡು ಮೊಟ್ಟೆ, ಹಿಡಿ ಮಾಂಸ, ಒಂದು ಲೀಟರ್ ಶುದ್ಧ ನೀರು, ಮೂರು ತಿಂಗಳಿಗೊಂದು ಮಾತ್ರೆ, ವರ್ಷಕ್ಕೊಂದು ರೇಬಿಸ್ ಸೂಜಿ. ರಾಗಿ ಮನೆಯಲ್ಲೇ ಇದೆ. ಹಾಲು ಕರೆಯುವ ಹೊತ್ತನ್ನು ಒಂದು ದಿನವೂ ತಪ್ಪಿಸದ ಈ ಸೀಮೆಯ ಮನೆಗಳಿಗೆ ಇಷ್ಟು ಕ್ರಮ ಹೊಸದಲ್ಲ. ಹಸುವಿಗೆ ತೋರುವ ಆ ಶಿಸ್ತಿನಲ್ಲಿ ಸ್ವಲ್ಪವನ್ನು ಅದನ್ನು ಕಾಯುವ ನಾಯಿಗೂ ತೋರಬೇಕು.